ಊರಿನ ತೆರೆದ ವಾಟ್ಸಾಪ್ ಬಳಗ: ಕಿಡಿಗೇಡಿಗಳನ್ನು ತಡೆಯುವುದು, ತಿಳಿದವರನ್ನು ಉಳಿಸಿಕೊಳ್ಳುವುದು

ಶಿರಸಿಯ ಅಡಿಕೆ ದರ, ದೇವಿಮನೆ ಘಟ್ಟದ ರಸ್ತೆ, ಕಾರವಾರದಿಂದ ಗೋವಾಕ್ಕೆ ಕೆಲಸಕ್ಕೆ ಹೋಗಿಬರುವವರ ರೈಲು, ಕುಮಟಾ–ಹೊನ್ನಾವರ ಸೀಮೆಯ ಯಕ್ಷಗಾನ ಆಟಗಳ ಪಟ್ಟಿ: ವಾಟ್ಸಾಪ್ ಬಳಗ ಇಲ್ಲದ ವಿಷಯವೇ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಉಳಿದಿಲ್ಲ. ಹೆಚ್ಚಿನವು ಹುಟ್ಟುವುದು ಒಂದೇ ರೀತಿಯಲ್ಲಿ. ಉತ್ಸಾಹಿಯೊಬ್ಬರು ಗುಂಪು ಮಾಡುತ್ತಾರೆ, ಸೇರುವ ಲಿಂಕನ್ನು ಫೇಸ್‌ಬುಕ್‌ನಲ್ಲಿ ಹಾಕುತ್ತಾರೆ, ‘ಆಸಕ್ತರೆಲ್ಲ ಸೇರಿ’ ಎನ್ನುತ್ತಾರೆ. ಮೊದಲ ಕೆಲವು ತಿಂಗಳು ಸೊಗಸಾಗಿರುತ್ತದೆ. ವರ್ಷ ತುಂಬುವಷ್ಟರಲ್ಲಿ ದರ ಹುಡುಕಿಕೊಂಡು ಬಂದವರಿಗೆ ಶುಭೋದಯದ ಹೂವು, ಸಾಲದ ಜಾಹೀರಾತು ಮತ್ತು ಯಾರೋ ಇಬ್ಬರ ಹಳೆಯ ಜಗಳ ಸಿಗುತ್ತದೆ.

ಗಲಾಟೆ ಕಣ್ಣಿಗೆ ಬೀಳುತ್ತದೆ, ಅದರ ಹಿಂದೆ ಆಗುವ ನಷ್ಟ ಬೀಳುವುದಿಲ್ಲ. ಅಡಿಕೆಯ ಕೊಳೆರೋಗದ ಬಗ್ಗೆ ಕೇಳಿದರೆ ನಾಲ್ಕೇ ಸಾಲಿನಲ್ಲಿ ಸರಿಯಾಗಿ ಹೇಳುತ್ತಿದ್ದ ಹಿರಿಯ ಬೆಳೆಗಾರರೊಬ್ಬರು ಸುಮ್ಮನಾಗುತ್ತಾರೆ. ಅವರು ದೂರುವುದಿಲ್ಲ, ವಾದಕ್ಕೂ ನಿಲ್ಲುವುದಿಲ್ಲ. ಗುಂಪನ್ನು ಮ್ಯೂಟ್ ಮಾಡುತ್ತಾರೆ, ಆಮೇಲೊಂದು ದಿನ ಹೊರಟುಹೋಗುತ್ತಾರೆ. 2022ರಿಂದ ಯಾರಾದರೂ ಗುಂಪು ಬಿಟ್ಟರೆ ವಾಟ್ಸಾಪ್ ಅಡ್ಮಿನ್‌ಗಳಿಗಷ್ಟೇ ತಿಳಿಸುತ್ತದೆಯಾದ್ದರಿಂದ ಉಳಿದವರಿಗೆ ಅದರ ಸುದ್ದಿಯೂ ಬರುವುದಿಲ್ಲ. ಮುಂದೆ ಬರುವ ಪ್ರತಿಯೊಂದು ಸಲಹೆಯನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ: ಹೀಗೆ ಮಾಡಿದರೆ ಆ ಹಿರಿಯರು ಉಳಿಯುತ್ತಾರೆಯೇ?

ಮೊದಲು ಕಾರಣ ತಿಳಿದುಕೊಳ್ಳಿ

ಇದು ನಮ್ಮೂರಿನ ಜನರ ದೋಷವೇನೂ ಅಲ್ಲ. ವಾಟ್ಸಾಪ್ ಹುಟ್ಟುವ ಮೊದಲೇ ಯೂಸ್‌ನೆಟ್ ಎಂಬ ಚರ್ಚಾಜಾಲವಿತ್ತು. ಅಮೆರಿಕದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜು ಸೇರಿದ ಹೊಸ ವಿದ್ಯಾರ್ಥಿಗಳು ಅಲ್ಲಿಗೆ ನುಗ್ಗುತ್ತಿದ್ದರು, ಒಂದೆರಡು ತಿಂಗಳು ಗದ್ದಲವೆಬ್ಬಿಸಿ, ಹಳಬರಿಂದ ರೀತಿ ಕಲಿತು ಒಂದು ಹದಕ್ಕೆ ಬರುತ್ತಿದ್ದರು. 1993ರ ಕೊನೆಯ ಹೊತ್ತಿಗೆ ಇಂಟರ್ನೆಟ್ ಕಂಪನಿಗಳು ಅದನ್ನು ಸಾಮಾನ್ಯ ಗ್ರಾಹಕರಿಗೂ ತೆರೆಯತೊಡಗಿದವು. ಹೊಸಬರ ಪ್ರವಾಹ ನಿಲ್ಲಲೇ ಇಲ್ಲ, ಹಳಬರಿಗೆ ಕಲಿಸಲು ಬಿಡುವೂ ಸಿಗಲಿಲ್ಲ. ಬೇಸತ್ತವರು ಅದನ್ನು ಮುಗಿಯದ ಸೆಪ್ಟೆಂಬರ್ ಎಂದು ಕರೆದರು. ಲಿಂಕ್ ಹಂಚಿದ ಗುಂಪಿನಲ್ಲಿ ಆಗುವುದೂ ಇದೇ. ಬಂದವರಿಗೆ ಇಲ್ಲಿನ ರೀತಿ ಹೇಳಿಕೊಡುವ ವೇಗಕ್ಕಿಂತ ಬರುವವರ ವೇಗ ಹೆಚ್ಚಾಗುತ್ತದೆ.

ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಭಾಗವಹಿಸಿದವರಲ್ಲಿ ಕೆಲವರಿಗೆ ಸುಲಭದ ಪರೀಕ್ಷೆ, ಕೆಲವರಿಗೆ ಕಷ್ಟದ ಪರೀಕ್ಷೆ ಕೊಟ್ಟು, ಆಮೇಲೆ ಒಂದು ಲೇಖನಕ್ಕೆ ಪ್ರತಿಕ್ರಿಯೆ ಬರೆಯಿಸಿದರು. ಮನಸ್ಸು ಹಗುರವಾಗಿದ್ದು, ಮೊದಲು ಕಂಡ ಪ್ರತಿಕ್ರಿಯೆಗಳೂ ಸಭ್ಯವಾಗಿದ್ದಾಗ ಕಿಡಿಗೇಡಿ ಬರಹದ ಪಾಲು ಶೇ. 35ರಷ್ಟಿತ್ತು. ಮನಸ್ಸು ಕೆಟ್ಟು, ಕಣ್ಣೆದುರು ಕೆಟ್ಟ ಪ್ರತಿಕ್ರಿಯೆಗಳೇ ಇದ್ದಾಗ ಅದು ಶೇ. 68ಕ್ಕೇರಿತು. ಅಂದರೆ ಕಿಡಿಗೇಡಿ ಎಂಬ ಪ್ರತ್ಯೇಕ ಜಾತಿಯೇನೂ ಇಲ್ಲ. ಹಗಲೆಲ್ಲ ಅಂಗಡಿಯಲ್ಲಿ ನಗುನಗುತ್ತಾ ಮಾತನಾಡುವ ಮನುಷ್ಯ ರಾತ್ರಿ ಹನ್ನೊಂದಕ್ಕೆ, ಅದೂ ಯಾರೋ ಆಗಲೇ ಒಂದು ಕೊಂಕು ಮಾತು ಹಾಕಿದ್ದರೆ, ತಾನೂ ಇನ್ನೊಂದನ್ನು ಸೇರಿಸುತ್ತಾನೆ. ಆದ್ದರಿಂದ ಅಡ್ಮಿನ್‌ನ ಶ್ರಮವೆಲ್ಲ ಹೋಗಬೇಕಾದದ್ದು ಆ ಮೊದಲನೆಯ ಕೊಂಕಿನ ಮೇಲೆ.

ಹೆಜ್ಜೆ 1: ಗುಂಪು ಯಾವುದಕ್ಕೆ ಎಂದು ಒಂದೇ ಸಾಲಿನಲ್ಲಿ ಬರೆಯಿರಿ

‘ಶಿರಸಿ ಸೀಮೆಯ ರೈತಮಿತ್ರರು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಅಲ್ಲಿ ಟ್ರ್ಯಾಕ್ಟರ್ ಮಾರಾಟವೂ ಸಲ್ಲುತ್ತದೆ, ಚುನಾವಣೆಯೂ ಸಲ್ಲುತ್ತದೆ, ಮೊಮ್ಮಗನ ಹುಟ್ಟುಹಬ್ಬವೂ ಸಲ್ಲುತ್ತದೆ. ಗುಂಪಿನ ವಿವರಣೆಯ ಜಾಗದಲ್ಲಿ ಹೀಗೆ ಬರೆಯಿರಿ: ‘ಅಡಿಕೆ, ಕಾಳುಮೆಣಸು, ಏಲಕ್ಕಿ ತೋಟದ ರೋಗ, ಔಷಧ, ಕೂಲಿ ಮತ್ತು ದರದ ಮಾತುಕತೆಗೆ ಮಾತ್ರ.’ ಮುಂದೆ ಯಾರನ್ನಾದರೂ ತಡೆಯಬೇಕಾದಾಗ ನಿಮ್ಮ ಕೈಗೆ ಬರುವುದು ಈ ಸಾಲು. ಅದಿಲ್ಲದಿದ್ದರೆ ನೀವು ತಡೆದದ್ದು ನಿಮ್ಮ ವೈಯಕ್ತಿಕ ಸಿಟ್ಟಾಗಿ ಕಾಣುತ್ತದೆ.

ಹೆಜ್ಜೆ 2: ಸೇರುವ ದಾರಿಯನ್ನು ನಿಧಾನ ಮಾಡಿ

ಗುಂಪಿನ ಸೆಟ್ಟಿಂಗ್ಸ್‌ಗೆ ಹೋಗಿ. ಹೊಸ ಸದಸ್ಯರಿಗೆ ಅಡ್ಮಿನ್ ಒಪ್ಪಿಗೆ ಬೇಕು ಎಂಬ ಆಯ್ಕೆಯನ್ನು ಆನ್ ಮಾಡಿ. ಸದಸ್ಯರನ್ನು ಸೇರಿಸುವ ಹಕ್ಕು ಅಡ್ಮಿನ್‌ಗಳಲ್ಲಿ ಮಾತ್ರ ಇರಲಿ. ಗುಂಪಿನ ಹೆಸರು, ಚಿತ್ರ ಬದಲಿಸುವ ಹಕ್ಕೂ ಹಾಗೆಯೇ. ಈಗಾಗಲೇ ಊರೆಲ್ಲ ಹಂಚಿಹೋಗಿರುವ ಲಿಂಕನ್ನು ರೀಸೆಟ್ ಮಾಡಿದರೆ ಹಳೆಯ ಲಿಂಕ್ ಕೆಲಸ ನಿಲ್ಲಿಸುತ್ತದೆ. ಇದಕ್ಕೆಲ್ಲ ಐದು ನಿಮಿಷ ಸಾಕು.

ಸೇರಬಯಸಿದವರಿಗೆ ಖಾಸಗಿಯಾಗಿ ಎರಡು ಪ್ರಶ್ನೆ ಕಳುಹಿಸಿ: ಯಾವ ಊರು, ಏನು ಬೆಳೆ? ರಸ್ತೆಯ ಗುಂಪಾದರೆ, ಯಾವ ದಾರಿಯಲ್ಲಿ ಓಡಾಡುತ್ತೀರಿ? ಉತ್ತರ ಸರಿಯೋ ತಪ್ಪೋ ಎಂಬುದು ಅಷ್ಟು ಮುಖ್ಯವಲ್ಲ. ಷೇರು ಮಾರುಕಟ್ಟೆಯ ಆಮಿಷ ಹಂಚಲು ಬಂದವನು ‘ಬಿಸಲಕೊಪ್ಪ, ಒಂದೂವರೆ ಎಕರೆ ಅಡಿಕೆ, ಮಧ್ಯೆ ಮೆಣಸು’ ಎಂದು ಟೈಪ್ ಮಾಡುತ್ತಾ ಕೂರುವುದಿಲ್ಲ, ಬೇರೆ ಗುಂಪಿಗೆ ಹೋಗುತ್ತಾನೆ. ಫೇಸ್‌ಬುಕ್ ಗುಂಪಿನಲ್ಲಿ ಸೇರುವವರಿಗೆ ಮೂರು ಪ್ರಶ್ನೆಗಳವರೆಗೆ ಮೊದಲೇ ಇಡುವ ಸೌಲಭ್ಯವಿದೆ. ಟೆಲಿಗ್ರಾಂನಲ್ಲಿ ಒಬ್ಬರು ಒಂದು ಸಂದೇಶ ಹಾಕಿದ ಮೇಲೆ ಇನ್ನೊಂದು ಹಾಕಲು ಇಂತಿಷ್ಟು ಹೊತ್ತು ಕಾಯಬೇಕು ಎಂದು ನಿಗದಿ ಮಾಡಬಹುದು. ಬಿಸಿಯಾದ ಚರ್ಚೆಗೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ವಾಟ್ಸಾಪ್‌ನಲ್ಲಿ ಅದಿಲ್ಲ.

ವಾಟ್ಸಾಪ್ ಗುಂಪಿಗೆ 1024 ಜನರ ಮಿತಿ ಇದೆ. ಆ ಮಿತಿ ಮುಟ್ಟುವುದನ್ನು ಹೆಮ್ಮೆಯ ವಿಷಯ ಮಾಡಿಕೊಳ್ಳಬೇಡಿ. ಜನ ಹೆಚ್ಚಿದ್ದರೆ ‘ಕಮ್ಯುನಿಟಿ’ (ಹಲವು ಗುಂಪುಗಳನ್ನು ಒಂದೇ ಸೂರಿನಡಿ ಇಡುವ ವಾಟ್ಸಾಪ್ ಸೌಲಭ್ಯ) ಮಾಡಿ ಎರಡಾಗಿ ಒಡೆಯಿರಿ: ದರ, ರಸ್ತೆ, ಸಭೆಯ ಸುದ್ದಿಗೆ ಅಡ್ಮಿನ್‌ಗಳು ಮಾತ್ರ ಬರೆಯುವ ಪ್ರಕಟಣೆಯ ಗುಂಪು ಒಂದು, ಮಾತುಕತೆಗೆ ಇನ್ನೊಂದು. ಬರೀ ದರ ಬೇಕಾದವರು ಮೊದಲನೆಯದರಲ್ಲಿ ನೆಮ್ಮದಿಯಾಗಿರುತ್ತಾರೆ.

ಹೆಜ್ಜೆ 3: ಬಂದವರು ಯಾವ ಬಗೆಯವರೆಂದು ಗುರುತಿಸಿ

ಎಲ್ಲ ಕಿರಿಕಿರಿಗೂ ಒಂದೇ ಮದ್ದಿಲ್ಲ. ಶುಭೋದಯದವರು ನಿರುಪದ್ರವಿಗಳು, ಒಮ್ಮೆ ಖಾಸಗಿಯಾಗಿ ಹೇಳಿದರೆ ಹೆಚ್ಚಿನವರು ಕೇಳುತ್ತಾರೆ. ಮಾರಾಟದವರಿಗೆ ವಾರದಲ್ಲಿ ಒಂದು ದಿನ ಬಿಟ್ಟುಕೊಡಿ. ಮೋಸಗಾರರನ್ನು ಮಾತಿಲ್ಲದೆ ತೆಗೆಯಿರಿ. ಪಿಎಂ ಕಿಸಾನ್ ಹಣದ ಹೆಸರಿನಲ್ಲೋ ಮದುವೆಯ ಕರೆಯೋಲೆಯ ಹೆಸರಿನಲ್ಲೋ ಕೊನೆಗೆ ‘ಎಪಿಕೆ’ ಎಂದಿರುವ ಫೈಲ್ ಬಂದರೆ ಅದನ್ನು ತೆರೆದವರ ಮೊಬೈಲ್ ಪರರ ಕೈಸೇರುತ್ತದೆ. ಅಂಥದ್ದನ್ನು ಕಂಡ ಕೂಡಲೇ ಎಲ್ಲರಿಗೂ ಅಳಿಸಿ, ‘ಯಾರೂ ತೆರೆಯಬೇಡಿ’ ಎಂದು ಬರೆಯಿರಿ. ಎಷ್ಟೋ ಸಲ ಅದನ್ನು ಕಳುಹಿಸಿದ್ದು ಆ ಸದಸ್ಯರಲ್ಲ, ಈಗಾಗಲೇ ಮೋಸ ಹೋದ ಅವರ ಮೊಬೈಲ್. ಹಾಗಾಗಿ ಅವರಿಗೆ ಫೋನ್ ಮಾಡಿಯೇ ತಿಳಿಸಿ.

ಕಷ್ಟದವರು ಉಳಿದ ಮೂವರು.

ಮೊದಲನೆಯವರು ಎಲ್ಲ ಬಲ್ಲವರು. ಒಬ್ಬ ಹುಡುಗ ಉದುರಿದ ಎಳೆ ಅಡಿಕೆಯ ಫೋಟೋ ಹಾಕಿ ‘ಏನು ಮಾಡಲಿ?’ ಎಂದು ಕೇಳುತ್ತಾನೆ ಎಂದಿಟ್ಟುಕೊಳ್ಳಿ. ಅನುಭವಸ್ಥರು ಮೊದಲು ಮರುಪ್ರಶ್ನೆ ಹಾಕುತ್ತಾರೆ: ಮೊದಲ ಔಷಧ ಯಾವಾಗ ಹೊಡೆದದ್ದು, ತೋಟದಲ್ಲಿ ನೀರು ನಿಲ್ಲುತ್ತದೆಯೇ, ತೊಟ್ಟಿನ ಹತ್ತಿರದ ಚಿತ್ರ ಇದೆಯೇ? ಆ ಪ್ರಶ್ನೆಗಳಿಗೆ ಉತ್ತರ ಬರುವ ಮುನ್ನವೇ ಎಲ್ಲ ಬಲ್ಲವರ ಅಪ್ಪಣೆ ಬಂದಿರುತ್ತದೆ: ‘ಬೋರ್ಡೋದಲ್ಲೇ ಕೀಟನಾಶಕವನ್ನೂ ಬೆರೆಸಿ ಹೊಡೆಯಿರಿ, ಕೂಲಿ ಉಳಿಯುತ್ತದೆ.’ ಬೋರ್ಡೋ ಎಂದರೆ ಕೊಳೆರೋಗ ತಡೆಯಲು ಹೊಡೆಯುವ ಮೈಲುತುತ್ತ–ಸುಣ್ಣದ ದ್ರಾವಣ. ಶೇ. 1ರ ಬೋರ್ಡೋ ದ್ರಾವಣಕ್ಕೆ 50 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತ, ಇನ್ನೊಂದು 50 ಲೀಟರ್‌ನಲ್ಲಿ 1 ಕಿಲೋ ಸುಣ್ಣ ಬೇಕು. ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ಕೆಂಪು ಬಣ್ಣ ಅಂಟಿದರೆ ಸುಣ್ಣ ಸಾಲದು ಎಂದರ್ಥ. ಹದವಾದ ದ್ರಾವಣ ಕ್ಷಾರ ಗುಣದ್ದು, ಅದರಲ್ಲಿ ಎಷ್ಟೋ ಕೀಟನಾಶಕಗಳು ಶಕ್ತಿ ಕಳೆದುಕೊಳ್ಳುತ್ತವೆ. ಇದನ್ನು ತಿಳಿದ ಹಿರಿಯರು ಒಮ್ಮೆ ತಿದ್ದುತ್ತಾರೆ, ಎರಡನೆಯ ಸಲವೂ ತಿದ್ದುತ್ತಾರೆ. ‘ನಿಮ್ಮ ಕಾಲ ಮುಗಿಯಿತು ಮಾರಾಯರೇ’ ಎಂಬ ಮರುಮಾತು ಬಂದ ಮೇಲೆ ತಿದ್ದುವುದನ್ನು ಬಿಡುತ್ತಾರೆ. ಅವರ ಜೊತೆ ಬೋರ್ಡೋದ ಹದವೂ ಗುಂಪಿನಿಂದ ಹೊರಟುಹೋಗುತ್ತದೆ. ಇದಕ್ಕೊಂದು ನಿಯಮ ಮಾಡಿ: ಔಷಧದ ಹೆಸರು ಹೇಳುವವರು ಸ್ವಂತ ತೋಟದಲ್ಲಿ ಬಳಸಿದ್ದಾರೆಯೇ, ಯಾವ ಪ್ರಮಾಣದಲ್ಲಿ ಎಂಬುದನ್ನೂ ಬರೆಯಬೇಕು. ತಕರಾರು ಬಂದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಅವರ ಉತ್ತರವನ್ನು ಪಿನ್ ಮಾಡಿ (ಎಂದರೆ ಗುಂಪಿನ ಮೇಲ್ತುದಿಯಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿ), ವಾದ ಅಲ್ಲಿಗೆ ಮುಗಿಸಿ.

ಎರಡನೆಯವರು ಕೆಣಕುವವರು. ಅವರಿಗೆ ಅಡಿಕೆಯೂ ಬೇಡ, ರಸ್ತೆಯೂ ಬೇಡ. ಜಾತಿ, ಪಕ್ಷ, ಘಟ್ಟದ ಮೇಲಿನವರು–ಕೆಳಗಿನವರು ಎಂಬ ಒಂದು ಮಾತು ಎಸೆದು, ಯಾರು ಕಚ್ಚಿಕೊಳ್ಳುತ್ತಾರೆಂದು ನೋಡುತ್ತಾರೆ. ಅವರ ಕೂಲಿ ನಿಮ್ಮ ಉತ್ತರ.

ಮೂರನೆಯವರು ಮುಗಿಯದ ಪ್ರಶ್ನೆಯವರು. ಬಹಳ ವಿನಯದಿಂದ ಕೇಳುತ್ತಾರೆ. ಉತ್ತರ ಕೊಟ್ಟರೆ ಆಧಾರ ಕೇಳುತ್ತಾರೆ, ಆಧಾರ ಕೊಟ್ಟರೆ ಬೇರೆಯದೇ ಪ್ರಶ್ನೆ ಎತ್ತುತ್ತಾರೆ. ಇಲ್ಲಿ ಅಡ್ಮಿನ್‌ಗಳು ಎಚ್ಚರವಾಗಿರಬೇಕು, ಏಕೆಂದರೆ ನ್ಯಾಯವಾದ ಪ್ರಶ್ನೆ ಕೇಳುವವರೂ ಮೊದಲ ನೋಟಕ್ಕೆ ಹೀಗೆಯೇ ಕಾಣುತ್ತಾರೆ. ಯುವಕ ಸಂಘದ ಗುಂಪಿನಲ್ಲಿ ಗಣೇಶೋತ್ಸವದ ಲೆಕ್ಕ ಕೇಳಿದವರನ್ನು ‘ಗುಂಪಿನ ಶಾಂತಿ ಕದಡುತ್ತಾರೆ’ ಎಂದು ಹೊರಹಾಕಿದರೆ ಕಿಡಿಗೇಡಿ ಅವರಲ್ಲ, ಅಡ್ಮಿನ್. ವ್ಯತ್ಯಾಸ ತಿಳಿಯುವ ಬಗೆ ಸುಲಭ. ಲೆಕ್ಕ ಕೇಳಿದವರಿಗೆ ಲೆಕ್ಕ ಕೊಟ್ಟು ನೋಡಿ. ಅವರು ಓದಿ ಸುಮ್ಮನಾಗುತ್ತಾರೆ, ಇಲ್ಲವೇ ಅದೇ ಲೆಕ್ಕದಲ್ಲಿ ತಪ್ಪು ತೋರಿಸುತ್ತಾರೆ. ಕಾಡುವವರು ಲೆಕ್ಕವನ್ನು ಓದುವುದೇ ಇಲ್ಲ.

ಹೆಜ್ಜೆ 4: ನಿಯಮ ಕಡಿಮೆ ಇರಲಿ, ಪರೀಕ್ಷಿಸುವಂತಿರಲಿ

‘ಸಭ್ಯವಾಗಿ ವರ್ತಿಸಿ’ ಎಂಬುದು ಹಾರೈಕೆ. ‘ಒಬ್ಬರು ಒಂದು ವಿಷಯಕ್ಕೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಸಂದೇಶ ಹಾಕುವಂತಿಲ್ಲ’ ಎಂಬುದು ನಿಯಮ, ಏಕೆಂದರೆ ಅದನ್ನು ಮುರಿದದ್ದು ಎಲ್ಲರಿಗೂ ಕಾಣುತ್ತದೆ. ನಾಲ್ಕೈದು ಸಾಲು ಸಾಕು. ಭಾಷೆಯ ಬಗ್ಗೆ ನನ್ನ ಅಭಿಪ್ರಾಯವಿಷ್ಟು: ಕರಾವಳಿಯಲ್ಲಿ ಕೊಂಕಣಿ, ಘಟ್ಟದ ಮೇಲೆ ಹವ್ಯಕ ಕನ್ನಡ ತಾನಾಗಿಯೇ ಬರುತ್ತದೆ, ಬರಲಿ ಬಿಡಿ. ಎಲ್ಲರಿಗೂ ಬೇಕಾದ ಸುದ್ದಿ ಮಾತ್ರ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಬೇಕು.

ಮಳೆಗಾಲದ ಗುಂಪುಗಳಿಗೆ ಒಂದು ನಿಯಮ ಉಳಿದೆಲ್ಲಕ್ಕಿಂತ ದೊಡ್ಡದು. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಕಣ್ಣಾರೆ ಕಂಡದ್ದು? ಈ ಮೂರಿಲ್ಲದ ರಸ್ತೆಯ ಸುದ್ದಿ ಅಳಿಸಲ್ಪಡುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಮೂರು ವಾರ ಕಳೆಯುತ್ತಲೇ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಆ ಸೇತುವೆಯ ವಿಡಿಯೋ ಇನ್ನೂ ಸಾವಿರಾರು ಮೊಬೈಲ್‌ಗಳಲ್ಲಿದೆ. ಮುಂದಿನ ಆಷಾಢದ ಒಂದು ರಾತ್ರಿ ಅದನ್ನು ಯಾರಾದರೂ ದಿನಾಂಕವಿಲ್ಲದೆ ‘ಕಾಳಿ ಸೇತುವೆ ಕುಸಿದಿದೆ’ ಎಂದು ಹಾಕಿದರೆ, ಹಾಕಿದವರು ಹೇಳಿದ್ದು ಒಂದರ್ಥದಲ್ಲಿ ಸುಳ್ಳೂ ಅಲ್ಲ. ಆದರೆ ಗೋವಾದಿಂದ ಮನೆಗೆ ಹೊರಟ ಮಗನಿಗಾಗಿ ಕಾಯುತ್ತಿರುವ ಕಾರವಾರದ ತಾಯಿಯೊಬ್ಬರು ಆ ರಾತ್ರಿ ಹೇಗೆ ಕಳೆಯಬೇಕು? ಎರಡು ಬಾಣದ ಗುರುತಿರುವ ಸಂದೇಶ ಬಂದರೆ ಅದು ಹಲವು ಕೈ ದಾಟಿ ಬಂದದ್ದು ಎಂದರ್ಥ. ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಬಹುದೆಂದು 2020ರಲ್ಲೇ ವಾಟ್ಸಾಪ್ ಮಿತಿ ಹಾಕಿದೆ. ನಿಮ್ಮ ಗುಂಪಿನಲ್ಲಿ ಆ ಮಿತಿ ಸೊನ್ನೆಯಾಗಿರಲಿ.

ಹೆಜ್ಜೆ 5: ಮೊದಲ ಹತ್ತು ನಿಮಿಷ

ಕೆಣಕುವ ಮಾತು ಬಿದ್ದಾಗ ಗುಂಪಿನಲ್ಲಿ ಉತ್ತರಿಸಬೇಡಿ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಅರ್ಥಧಾರಿಗಳ ಮಾತು ಪ್ರಸಂಗ ಬಿಟ್ಟು ಎಲ್ಲೆಲ್ಲೋ ಓಡಿದರೆ ಹಾಡುವ ಭಾಗವತರು ಯಾರ ವಾದ ಸರಿ ಎಂದು ತೀರ್ಪು ಕೊಡಲು ಹೋಗುವುದಿಲ್ಲ, ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಅಡ್ಮಿನ್ ಕೆಲಸವೂ ಅದೇ. ಸಂದೇಶವನ್ನು ಅಳಿಸಿ, ತಕ್ಷಣ ವಿಷಯಕ್ಕೆ ಸಂಬಂಧಿಸಿದ ಏನನ್ನಾದರೂ ಹಾಕಿ: ಇಂದಿನ ಚಾಲಿ, ರಾಶಿ ಅಡಿಕೆಯ ದರ, ಹವಾಮಾನ ಇಲಾಖೆಯ ಮುನ್ಸೂಚನೆ, ಉತ್ತರ ಸಿಗದೆ ಉಳಿದ ಯಾರದೋ ಪ್ರಶ್ನೆ. ಅದೇ ಹೊತ್ತಿಗೆ ಖಾಸಗಿಯಾಗಿ ಬರೆಯಿರಿ:

‘ನಮಸ್ಕಾರ ಹೆಗಡೆಯವರೇ. ನಿಮ್ಮ ಈಗಿನ ಸಂದೇಶ ಗುಂಪಿನ ವಿಷಯಕ್ಕೆ ಹೊಂದುವುದಿಲ್ಲವಾದ್ದರಿಂದ ಅಳಿಸಿದ್ದೇವೆ. ಕಳೆದ ವಾರ ಎಲೆಚುಕ್ಕೆ ರೋಗದ ಬಗ್ಗೆ ನೀವು ಬರೆದದ್ದು ಬಹಳ ಜನರಿಗೆ ಉಪಯೋಗವಾಗಿದೆ. ಅಂಥದ್ದನ್ನು ಬರೆಯುತ್ತಿರಿ.’

ಹೊಗಳಿಕೆಯ ವಾಕ್ಯ ಸುಳ್ಳಾಗಿರಬಾರದು. ಹೊಗಳಲು ನಿಜವಾಗಿ ಏನೂ ಇಲ್ಲದಿದ್ದರೆ ಬಿಟ್ಟುಬಿಡಿ. ಮತ್ತೆ ಮಾಡಿದರೆ ಇನ್ನೊಂದು ಎಚ್ಚರಿಕೆ, ಮೂರನೆಯ ಸಲಕ್ಕೆ ಹೊರಗೆ. ಹೊರಹಾಕಿದ್ದಕ್ಕೆ ಗುಂಪಿನಲ್ಲಿ ಸಮಜಾಯಿಷಿ ಕೊಡುತ್ತಾ ಕೂತರೆ ಅದೇ ಹೊಸ ಜಗಳವಾಗುತ್ತದೆ. ‘ನಿಯಮ 2ರ ಪ್ರಕಾರ’ ಎಂಬಷ್ಟೇ ಸಾಕು.

ಹೆಜ್ಜೆ 6: ಅವರು ನಿಮ್ಮ ಭಾವನಾಗಿದ್ದರೆ?

ಮೇಲಿನದೆಲ್ಲ ಅಪರಿಚಿತರ ಮಟ್ಟಿಗೆ ಸುಲಭ. ನಮ್ಮ ಕಡೆ ಅಪರಿಚಿತರು ಎಲ್ಲಿದ್ದಾರೆ? ಇಂದು ರಾತ್ರಿ ನೀವು ತೆಗೆದುಹಾಕಿದವರು ನಾಳೆ ಬೆಳಗ್ಗೆ ಸೊಸೈಟಿಯ ಕೌಂಟರಿನಲ್ಲಿ ಮುಂದೆ ನಿಂತಿರುತ್ತಾರೆ, ಬರುವ ತಿಂಗಳ ಮದುವೆಯಲ್ಲಿ ಪಕ್ಕದ ಎಲೆಗೆ ಕೂರುತ್ತಾರೆ. ಅಡ್ಮಿನ್ ಒಬ್ಬರ ಸಂದೇಶವನ್ನು ಅಳಿಸಿದರೆ ಯಾವ ಅಡ್ಮಿನ್ ಅಳಿಸಿದರೆಂದು ವಾಟ್ಸಾಪ್ ಎಲ್ಲರಿಗೂ ತೋರಿಸುತ್ತದೆ. ಎಷ್ಟೋ ಗುಂಪುಗಳು ಹಾಳಾಗುವುದು ನಿಯಮವಿಲ್ಲದೆ ಅಲ್ಲ, ಇರುವ ನಿಯಮವನ್ನು ಮಾವನ ಮೇಲೆ, ದೊಡ್ಡಪ್ಪನ ಮೇಲೆ, ಊರ ಹಿರಿಯರ ಮೇಲೆ ಹೇರಲು ಬಾಯಿ ಬಾರದೆ. ಉಳಿದವರು ಅದನ್ನು ಬೇಗ ಗಮನಿಸುತ್ತಾರೆ.

ಉಪಾಯ ಇಷ್ಟು. ಕನಿಷ್ಠ ಮೂವರು ಅಡ್ಮಿನ್‌ಗಳಿರಲಿ, ಬೇರೆ ಬೇರೆ ಊರಿನವರಾಗಿರಲಿ. ಶಿರಸಿಯವರು ಒಬ್ಬರಾದರೆ ಕುಮಟೆಯವರು ಒಬ್ಬರು, ಯಲ್ಲಾಪುರದವರು ಒಬ್ಬರು. ಮೂವರೂ ಒಂದೇ ಮನೆತನದವರಾದರೆ ಪ್ರಯೋಜನವಿಲ್ಲ. ಅಡ್ಮಿನ್‌ಗಳದೇ ಒಂದು ಚಿಕ್ಕ ಗುಂಪು ಮಾಡಿಕೊಂಡು ಅಲ್ಲಿ ನಿರ್ಧರಿಸಿ, ಸಂಬಂಧವಿಲ್ಲದವರು ಜಾರಿ ಮಾಡಲಿ. ನಿಮ್ಮ ಭಾವ ಫೋನ್ ಮಾಡಿ ‘ಏನಯ್ಯಾ, ನನ್ನನ್ನೇ ತೆಗೆದೆಯಾ?’ ಎಂದರೆ, ‘ಭಾವ, ಮೂವರೂ ಕೂಡಿ ಮಾಡಿದ ತೀರ್ಮಾನ, ಒಂದು ತಿಂಗಳು ಬಿಟ್ಟು ಮತ್ತೆ ಸೇರಿಸುತ್ತೇವೆ’ ಎನ್ನಬಹುದು. ಆ ಒಂದು ತಿಂಗಳ ಗಡುವು ಮುಖ್ಯ. ಮರಳುವ ದಾರಿ ಇದೆ ಎಂದು ತಿಳಿದ ಹಿರಿಯರು ಊರಲ್ಲಿ ಸಿಟ್ಟು ಸಾಧಿಸುವುದಿಲ್ಲ.

ಹೆಜ್ಜೆ 7: ಕಾನೂನಿನ ಹೆದರಿಕೆ ಎಷ್ಟಿರಬೇಕು

‘ಯಾರೇ ಏನೇ ಹಾಕಿದರೂ ಅಡ್ಮಿನ್‌ನೇ ಜೈಲಿಗೆ’ ಎಂಬ ಮಾತು ಊರೂರು ಸುತ್ತಿದೆ. ಸದಸ್ಯರೊಬ್ಬರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ಮೊದಲೇ ಸಮಾನ ಉದ್ದೇಶ ಇತ್ತೆಂದು ತೋರದ ಹೊರತು, ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿತು. 2022ರಲ್ಲಿ ಕೇರಳ ಹೈಕೋರ್ಟ್ ಕೂಡ ಅಡ್ಮಿನ್‌ಗೆ ಅಂಥ ಹೊಣೆ ಹೊರಿಸಲಾಗದು ಎಂದಿತು. ಹಾಗೆಂದು ದ್ವೇಷದ ಸಂದೇಶಕ್ಕೆ ನೀವೇ ಹೆಬ್ಬೆರಳು ತೋರಿಸಿ ಮುಂದಕ್ಕೆ ಕಳುಹಿಸಿದರೆ ಅದು ಬೇರೆ ಮಾತು.

ಬೆದರಿಕೆ, ಅಶ್ಲೀಲ ಚಿತ್ರ, ಹಣದ ಮೋಸ ಬಂದಾಗ ಅಳಿಸುವ ಮುನ್ನ ನಂಬರ್ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಯಾರಾದರೂ ಹಣ ಕಳೆದುಕೊಂಡಿದ್ದರೆ ಗುಂಪಿನಲ್ಲಿ ಮರುಕ ಪಡುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಹಣ ಖಾತೆಯಿಂದ ಖಾತೆಗೆ ದಾಟುವ ಮುನ್ನ ತಡೆಯಲು ಮೊದಲ ಕೆಲವು ಗಂಟೆಗಳೇ ಅವಕಾಶ.

ಹೆಜ್ಜೆ 8: ತಿಳಿದವರ ಸಮಯ ಉಳಿಸಿ

ಒಂದೇ ಪ್ರಶ್ನೆಗೆ ಪ್ರತಿ ವರ್ಷ ಉತ್ತರಿಸುತ್ತಾ ಕೂರಲು ಯಾರಿಗೂ ತಾಳ್ಮೆಯಿಲ್ಲ. ಮಳೆಗಾಲಕ್ಕೆ ಮೊದಲೇ ಹಿರಿಯರೊಬ್ಬರ ಬಳಿ ಕೂತು ಬೋರ್ಡೋ ಪ್ರಮಾಣ, ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ, ಎರಡನೆಯದು 40–45 ದಿನಗಳ ನಂತರ ಎಂಬುದನ್ನೆಲ್ಲ ಒಂದು ಸಂದೇಶವಾಗಿ ಬರೆದು, ಅವರ ಒಪ್ಪಿಗೆ ಇದ್ದರೆ ಅವರ ಹೆಸರನ್ನೂ ಹಾಕಿ ಪಿನ್ ಮಾಡಿ. ಪಿನ್ ಹೆಚ್ಚೆಂದರೆ 30 ದಿನ ನಿಲ್ಲುತ್ತದೆ, ಮತ್ತೆ ಮಾಡಬೇಕು. ಯಾರಾದರೂ ಕೇಳಿದರೆ ಉಳಿದ ಸದಸ್ಯರೇ ‘ಮೇಲಿದೆ ನೋಡಿ’ ಎನ್ನುತ್ತಾರೆ. ಹಿರಿಯರು ಹೊಸ ತೊಡಕುಗಳಿಗೆ ಮಾತ್ರ ಬಾಯಿ ತೆರೆದರೆ ಸಾಕು.

ರೆಡ್ ಅಲರ್ಟ್ ಇರುವ ರಾತ್ರಿಗಳಲ್ಲಿ, ಮತದಾನದ ಹಿಂದುಮುಂದಿನ ದಿನಗಳಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪನ್ನು ಬದಲಿಸಿ, ಯಾವಾಗ ಮತ್ತೆ ತೆರೆಯುತ್ತೀರೆಂದು ಹೇಳಿಯೇ ಬದಲಿಸಿ. ಕಂಡ ಸುದ್ದಿಯನ್ನು ಸದಸ್ಯರು ಅಡ್ಮಿನ್‌ಗೆ ಖಾಸಗಿಯಾಗಿ ಕಳುಹಿಸಲಿ.

ತಿಂಗಳಿಗೊಮ್ಮೆ ಹಿಂದಕ್ಕೆ ಸರಿಸಿ ನೋಡಿ. ಸಂದೇಶಗಳ ಸಂಖ್ಯೆ ಎಣಿಸಬೇಡಿ. ಹಿಂದೆ ಒಳ್ಳೆಯ ಉತ್ತರ ಕೊಡುತ್ತಿದ್ದವರಲ್ಲಿ ಈ ತಿಂಗಳು ಯಾರು ಬರೆದಿಲ್ಲ ಎಂದು ಗಮನಿಸಿ, ಅವರಿಗೆ ಫೋನ್ ಮಾಡಿ. ಮೊಮ್ಮಕ್ಕಳನ್ನು ನೋಡಲು ಬೆಂಗಳೂರಿಗೆ ಹೋಗಿದ್ದರೆ ಸರಿ. ‘ಸುಮ್ಮನೆ ಏಕೆ ಮಾರಾಯ, ಅಲ್ಲಿ ಬರೆದು ಬೈಸಿಕೊಳ್ಳುವುದು’ ಎಂದರೆ, ಯಾರು ಬೈದರು ಎಂದು ಕೇಳಿ ತಿಳಿದುಕೊಂಡು ಐದನೆಯ ಹೆಜ್ಜೆಗೆ ಹೋಗಿ.

ಹೆಜ್ಜೆ 9: ಕೆಲಸ ಮುಗಿದ ಗುಂಪನ್ನು ಮುಚ್ಚಿ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಗೆಂದು ಮಾಡಿದ ಸ್ವಯಂಸೇವಕರ ಗುಂಪು ಜಾತ್ರೆ ಮುಗಿದ ಮೇಲೂ ತೆರೆದೇ ಇದ್ದರೆ ನಡುವಿನ ಅವಧಿಯಲ್ಲಿ ಅಲ್ಲಿ ಏನು ತುಂಬುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಚ್ಚುವ ದಿನವನ್ನು ವಾರ ಮೊದಲೇ ತಿಳಿಸಿ. ಬೇಕಾದ ನಂಬರ್, ಲೆಕ್ಕ, ಫೋಟೋಗಳನ್ನು ಎಕ್ಸ್‌ಪೋರ್ಟ್ ಮಾಡಿ ಸಂಘದ ಕಂಪ್ಯೂಟರಿನಲ್ಲಿಡಿ. ಲಿಂಕ್ ರೀಸೆಟ್ ಮಾಡಿ, ಬರೆಯುವ ಹಕ್ಕನ್ನು ಅಡ್ಮಿನ್‌ಗಳಿಗಷ್ಟೇ ಇಟ್ಟು, ಸದಸ್ಯರನ್ನು ಒಬ್ಬೊಬ್ಬರನ್ನಾಗಿ ತೆಗೆದು, ಕೊನೆಗೆ ನೀವೂ ಹೊರಬನ್ನಿ. ಸದಸ್ಯರನ್ನು ತೆಗೆಯದೆ ಅಡ್ಮಿನ್‌ಗಳೆಲ್ಲ ಹೊರಬಂದರೆ ವಾಟ್ಸಾಪ್ ಉಳಿದವರಲ್ಲಿ ಯಾರಾದರೊಬ್ಬರನ್ನು ತಾನೇ ಅಡ್ಮಿನ್ ಮಾಡಿಬಿಡುತ್ತದೆ. ಅದು ಷೇರು ಆಮಿಷದವನೇ ಆಗಿರಬಹುದು.